ಬೀದಿದೀಪದ ಕಂಬಕ್ಕೆ ಬಾಡಿಗೆ ಎಷ್ಟು? ಸ್ಯಾನ್ ಹೋಸೆ ನಗರದ ಸ್ಮಾಲ್ ಸೆಲ್ ಪ್ರಕರಣ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಕೈಯಲ್ಲಿ 60 ಸಾವಿರಕ್ಕಿಂತ ಜಾಸ್ತಿ ಬೀದಿದೀಪಗಳಿವೆ. ಅವುಗಳಲ್ಲಿ ಸುಮಾರು 4,000 ಕಂಬಗಳ ಮೇಲೆ ಪುಟ್ಟ ಮೊಬೈಲ್ ಆಂಟೆನಾ ಕೂರಿಸಲು 2018ರಲ್ಲಿ ಮೂರು ಕಂಪನಿಗಳು ನಗರದ ಜೊತೆ ಕರಾರು ಮಾಡಿಕೊಂಡವು. ಏಪ್ರಿಲ್‌ನಲ್ಲಿ ಎಟಿ ಆ್ಯಂಡ್ ಟಿ ಮೊದಲು ಬಂತು. ಜೂನ್ ಹೊತ್ತಿಗೆ ವೆರೈಝನ್ ಮತ್ತು ಮೊಬಿಲಿಟಿ ಎಂಬ ಕಂಪನಿಗಳು ಸೇರಿಕೊಂಡವು. ಕಂಪನಿಗಳು ಕಂಬಕ್ಕೆ ಬಾಡಿಗೆ ಕೊಡಬೇಕು, ಆ ಹಣದಿಂದ ನೆಟ್ ಇಲ್ಲದ ಬಡ ಮನೆಗಳಿಗೆ ನೆಟ್ ಸಿಗಬೇಕು ಅನ್ನುವುದು ಒಪ್ಪಂದದ ತಿರುಳು.

ಮೂರೇ ತಿಂಗಳಲ್ಲಿ ವಾಷಿಂಗ್ಟನ್‌ನಿಂದ ಒಂದು ಆದೇಶ ಬಂತು. ಕಂಬಕ್ಕೆ ವರ್ಷಕ್ಕೆ 270 ಡಾಲರ್ ಸಾಕು ಎಂದು ಅದು ಹೇಳಿತು.

ಈ ಪ್ರಕರಣವನ್ನು ಪೂರ್ತಿಯಾಗಿ ಬಿಡಿಸಿ ನೋಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಸ್ಯಾನ್ ಹೋಸೆ ಮತ್ತು ಸುತ್ತಲಿನ ಊರುಗಳಲ್ಲಿ ನಮ್ಮ ಕನ್ನಡದ ಮನೆಗಳು ಸಾಕಷ್ಟಿವೆ, ಅದು ಒಂದು ಕಾರಣ. ಇನ್ನೊಂದು ಕಾರಣ ಬೆಂಗಳೂರು. ಅಮೆರಿಕದಲ್ಲಿ ವರ್ಷಗಟ್ಟಲೆ ಜಗಳವಾದ ಪ್ರಶ್ನೆಗೆ ನಮ್ಮಲ್ಲಿ ಒಂದು ಸಾಲಿನ ನಿಯಮದಲ್ಲಿ ಉತ್ತರ ಬಂದಾಗಿದೆ. ಅದರ ಬಗ್ಗೆ ಯಾರೂ ಮಾತಾಡಿದ ಹಾಗೆ ಕಾಣುವುದಿಲ್ಲ.

ಕಂಬದ ಮೇಲೆ ಕೂರುವುದೇನು

ಮೊದಲು ವಸ್ತುವನ್ನೇ ನೋಡೋಣ. ಮೊಬೈಲ್ ಟವರ್ ನೂರಾರು ಅಡಿ ಎತ್ತರ ನಿಂತು ಮೈಲುಗಟ್ಟಲೆ ಜಾಗಕ್ಕೆ ಸಿಗ್ನಲ್ ಕೊಡುತ್ತದೆ. ಆದರೆ ಆ ಇಡೀ ಜಾಗದ ಜನ ಒಂದೇ ಟವರಿನ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ಜನ ಫೋನಿನಲ್ಲಿ ವಿಡಿಯೊ ನೋಡಲು ಶುರು ಮಾಡಿದ ಮೇಲೆ ಅದು ಸಾಲದೆ ಹೋಯಿತು. ಹಾಗಾಗಿ ಬೀದಿ ಮಟ್ಟಕ್ಕೆ ಇಳಿದು, ಕೆಲವು ನೂರು ಅಡಿಗೆ ಒಂದರಂತೆ ಸಣ್ಣ ಆಂಟೆನಾ ಹಾಕುವ ಉಪಾಯ ಬಂತು. ಇದಕ್ಕೇ ಸ್ಮಾಲ್ ಸೆಲ್ ಅನ್ನುತ್ತಾರೆ. 28 ಗಿಗಾಹರ್ಟ್ಸ್‌ನಂಥ ಮೇಲಿನ ತರಂಗಗಳಲ್ಲಿ ಕೆಲಸ ಮಾಡುವ 5ಜಿಗೆ ಇದು ಬೇಕೇ ಬೇಕು. ಆ ತರಂಗ ಮರದ ಎಲೆ ಅಡ್ಡ ಬಂದರೂ ಸೊರಗುತ್ತದೆ, ಕಿಟಕಿ ಗಾಜನ್ನು ದಾಟಲೂ ಕಷ್ಟಪಡುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಗ ಎಲ್ಲರ ಬಾಯಲ್ಲೂ 5ಜಿ ಇತ್ತು. ಆದರೆ 2018ರಲ್ಲಿ ಕಂಬಗಳ ಮೇಲೆ ಏರುತ್ತಿದ್ದ ಪೆಟ್ಟಿಗೆಗಳಲ್ಲಿ ಹೆಚ್ಚಿನವು 4ಜಿಯವು.

ಕಂಬದ ತುದಿಯಲ್ಲಿ ಡಬ್ಬಿಯಂಥ ಕವಚದೊಳಗೆ ಆಂಟೆನಾ ಇರುತ್ತದೆ. ಅದರ ಕೆಳಗೆ, ಕಂಬದ ಮೈಗೆ ಒತ್ತಿಕೊಂಡು ಒಂದೆರಡು ರೇಡಿಯೊ ಪೆಟ್ಟಿಗೆಗಳು. ಇನ್ನೂ ಕೆಳಗೆ, ಲೈನ್‌ಮನ್ ಕೆಲಸ ಮಾಡುವಾಗ ಪವರ್ ಕಡಿಯಲು ಒಂದು ಸ್ವಿಚ್, ರೇಡಿಯೊ ತರಂಗದ ಬಗ್ಗೆ ಎಚ್ಚರಿಕೆಯ ಒಂದು ಚೀಟಿ. ಬುಡದಿಂದ ಎರಡು ವೈರು ಒಳಗೆ ಹೋಗುತ್ತವೆ, ಕರೆಂಟಿನದೊಂದು, ಫೈಬರಿನದೊಂದು. ಅಮೆರಿಕದ ನಿಯಮದ ಪ್ರಕಾರ ಒಂದು ಆಂಟೆನಾ 3 ಘನ ಅಡಿ ಮೀರಬಾರದು. ಉಳಿದ ಸಾಮಾನೆಲ್ಲ ಸೇರಿ 28 ಘನ ಅಡಿಯವರೆಗೆ ಇರಬಹುದು. ಅಂದರೆ ದೊಡ್ಡದೊಂದು ಫ್ರಿಜ್ಜಿನಷ್ಟು. "ಸ್ಮಾಲ್" ಅನ್ನುವ ಹೆಸರು ಕೇಳಿ ಒಪ್ಪಿಕೊಂಡ ಜನ ಆಮೇಲೆ ಕಂಬ ನೋಡಿ ಯಾಕೆ ಸಿಟ್ಟಾದರು ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಕಂಬ ಇದೆ, ಸುಮ್ನೆ ಮೇಲೆ ಕೂರಿಸಿದರೆ ಆಯಿತು ಅಂತ ಅನಿಸಬಹುದು. ಹಾಗಾಗುವುದಿಲ್ಲ. ಬೀದಿದೀಪದ ಕಂಬವನ್ನು ಒಂದು ದೀಪ, ಒಂದು ತೋಳು, ಇಷ್ಟರ ಭಾರಕ್ಕೆ ಮಾಡಿರುತ್ತಾರೆ. ತುದಿಯಲ್ಲಿ ಹೊಸ ಭಾರ ಬಂದರೆ ಗಾಳಿಯ ಒತ್ತಡದ ಲೆಕ್ಕ ಬದಲಾಗುತ್ತದೆ. ಬುಡದ ಕಾಂಕ್ರೀಟು, ಬೋಲ್ಟು ತಡೆದುಕೊಳ್ಳುತ್ತವೆಯೇ ಅಂತ ಇಂಜಿನಿಯರ್ ನೋಡಬೇಕು. ಅದೂ ಭೂಕಂಪದ ನಾಡು. ಎಷ್ಟೋ ಕಡೆ ಹಳೆ ಕಂಬ ಕಿತ್ತು ದಪ್ಪನೆಯ ಹೊಸ ಕಂಬ ನೆಡಬೇಕಾಗುತ್ತದೆ.

ಕರೆಂಟಿನದು ಇನ್ನೊಂದು ತೊಡಕು. ಬೀದಿದೀಪಕ್ಕೆ ರಾತ್ರಿ ಮಾತ್ರ ಕರೆಂಟ್ ಬೇಕು. ಇಡೀ ಬೀದಿಯ ದೀಪಗಳನ್ನು ಒಂದೇ ಕಂಟ್ರೋಲಿನಿಂದ ಹೊತ್ತಿಸಿ ಆರಿಸುವ ಕಡೆ ಹಗಲು ಹೊತ್ತು ಆ ವೈರಿನಲ್ಲಿ ಕರೆಂಟೇ ಇರುವುದಿಲ್ಲ. ಆಂಟೆನಾಗೆ ದಿನದ 24 ಗಂಟೆಯೂ ಬೇಕು. ಆಗ ಬೇರೆ ಲೈನ್ ಎಳೆಯಬೇಕು, ರಸ್ತೆ ಅಗೆಯಬೇಕು. ಫೈಬರಿಗೂ ಅದೇ. ಖರ್ಚಿನ ದೊಡ್ಡ ಪಾಲು ಹೋಗುವುದು ಈ ಅಗೆತಕ್ಕೇ.

ಇಷ್ಟು ಯಾಕೆ ಹೇಳಿದೆ ಅಂದರೆ, ಒಂದು ಕಂಬದ ಅರ್ಜಿ ನಗರದ ಎಷ್ಟು ಮೇಜುಗಳನ್ನು ದಾಟಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ದೀಪ ನೋಡಿಕೊಳ್ಳುವವರು ಬೇರೆ, ರಸ್ತೆ ಅಗೆಯಲು ಪರ್ಮಿಟ್ ಕೊಡುವವರು ಬೇರೆ, ಬೀದಿಯ ಅಂದಚೆಂದ ನೋಡುವವರು ಬೇರೆ, ಬಾಡಿಗೆ ಕರಾರು ಬರೆಯುವವರು ಇನ್ನೂ ಬೇರೆ. ವರ್ಷಕ್ಕೆ ಹತ್ತಿಪ್ಪತ್ತು ಅರ್ಜಿ ಬಂದರೆ ಹೇಗೋ ನಡೆಯುತ್ತದೆ. ನಾಲ್ಕು ಸಾವಿರ ಬಂದರೆ ಕಚೇರಿ ಮುಳುಗುತ್ತದೆ.

ಈ ನಗರಕ್ಕೂ ಅದರ ದೀಪಗಳಿಗೂ ಹಳೆಯ ನಂಟು

ಸ್ಯಾನ್ ಹೋಸೆಯಲ್ಲಿ ಬೀದಿದೀಪ ಯಾವತ್ತೂ ಬರೀ ದೀಪವಾಗಿರಲಿಲ್ಲ. ಊರಿನ ಪೂರ್ವಕ್ಕೆ ಮೌಂಟ್ ಹ್ಯಾಮಿಲ್ಟನ್ ಬೆಟ್ಟದ ಮೇಲೆ 1888ರಲ್ಲಿ ಶುರುವಾದ ಲಿಕ್ ಖಗೋಳ ವೀಕ್ಷಣಾಲಯವಿದೆ. ಊರು ಬೆಳೆದ ಹಾಗೆ ಅದರ ಬೆಳಕು ದೂರದರ್ಶಕಗಳಿಗೆ ಅಡ್ಡಿಯಾಯಿತು. ಆಗ ನಗರ ತನ್ನ ಬೀದಿಗಳಿಗೆ ಕಡು ಹಳದಿಯ ಸೋಡಿಯಂ ದೀಪ ಹಾಕಿತು. ಆ ಬೆಳಕು ಒಂದೇ ಬಣ್ಣದ್ದಾದ್ದರಿಂದ ವಿಜ್ಞಾನಿಗಳು ಅದನ್ನು ಸುಲಭವಾಗಿ ಸೋಸಿ ತೆಗೆಯಬಹುದಿತ್ತು. ಊರಿನವರಿಗೆ ಮಾತ್ರ ರಾತ್ರಿ ಎಲ್ಲ ಕಾರೂ ಒಂದೇ ಬಣ್ಣ. ಆದರೂ ದಶಕಗಟ್ಟಲೆ ಒಪ್ಪಿಕೊಂಡು ಬಾಳಿದರು. ಕೃತಜ್ಞತೆಗೆ ಖಗೋಳಜ್ಞರು ಒಂದು ಕ್ಷುದ್ರಗ್ರಹಕ್ಕೆ ಸ್ಯಾನ್ ಹೋಸೆಯ ಹೆಸರಿಟ್ಟಿದ್ದಾರೆ.

ಆಮೇಲೆ ಎಲ್‌ಇಡಿ ಬಂತು. 2016ರಲ್ಲಿ ಫಿಲಿಪ್ಸ್ ಕಂಪನಿ ಜೊತೆ ಒಂದು ಪ್ರಯೋಗ ನಡೆಯಿತು. ಒಳಗೇ 4ಜಿ ಆಂಟೆನಾ ಅಡಗಿಸಿದ 50 ಕಂಬಕ್ಕೆ ನಗರ ಜಾಗ ಕೊಡುವುದು, ಬದಲಿಗೆ 750 ಎಲ್‌ಇಡಿ ದೀಪ ಪಡೆಯುವುದು. ಕಂಬದ ಮೇಲಿನ ಜಾಗ ಕೊಟ್ಟು ಊರಿಗೆ ಏನಾದರೂ ಪಡೆಯಬಹುದು ಅನ್ನುವ ಯೋಚನೆ ಈ ನಗರಕ್ಕೆ 2018ಕ್ಕೂ ಮೊದಲೇ ಇತ್ತು.

ಚೌಕಾಸಿ

ಮಾಹಿತಿ ತಂತ್ರಜ್ಞಾನದ ರಾಜಧಾನಿ ಅಂತ ಹೆಸರಾದ ಊರಿದು. ಜನಸಂಖ್ಯೆ ಸುಮಾರು 10 ಲಕ್ಷ. ಅದರಲ್ಲಿ ಸುಮಾರು 95 ಸಾವಿರ ಜನರಿಗೆ ಮನೆಯಲ್ಲಿ ಇಂಟರ್ನೆಟ್ ಇಲ್ಲ ಎಂದು ಆಗಿನ ಮೇಯರ್ ಸ್ಯಾಮ್ ಲಿಕಾರ್ಡೊ ಹೋದಲ್ಲೆಲ್ಲ ಹೇಳುತ್ತಿದ್ದರು. ಆ ಮನೆಗಳು ಬಹುಪಾಲು ಊರಿನ ಪೂರ್ವ ಭಾಗದಲ್ಲಿ, ಮೆಕ್ಸಿಕೊ ಮತ್ತು ವಿಯೆಟ್ನಾಂ ಮೂಲದ ಕೆಲಸಗಾರರ ಕೇರಿಗಳಲ್ಲಿ. ಕಂಪನಿಗಳು ಒಳ್ಳೆ ಆದಾಯ ಇರುವ ಬಡಾವಣೆಗಳಿಗೆ ಮೊದಲು ಹೋಗುತ್ತವೆ. ಬಡವರ ಬೀದಿಗೆ ಕೊನೆಗೆ ಬರುತ್ತವೆ, ಅಥವಾ ಬರುವುದೇ ಇಲ್ಲ.

ನಗರದ ಕೈಯಲ್ಲಿದ್ದ ಹಿಡಿತ ಒಂದೇ, ಕಂಬ. ಕಂಪನಿಗಳ ದೊಡ್ಡ ದೂರು ಬಾಡಿಗೆಗಿಂತ ಹೆಚ್ಚಾಗಿ ವಿಳಂಬದ ಬಗ್ಗೆ ಇತ್ತು. ತಿಂಗಳುಗಟ್ಟಲೆ ಅರ್ಜಿ ಮುಂದೆ ಹೋಗುವುದಿಲ್ಲ, ಒಂದೊಂದು ಕಂಬಕ್ಕೂ ಹೊಸದಾಗಿ ವಾದ ಮಾಡಬೇಕು, ಕೊನೆಗೆ ಯಾವ ವಿನ್ಯಾಸ ಒಪ್ಪುತ್ತಾರೋ ಗೊತ್ತಿಲ್ಲ. ಈ ದೂರಿನಲ್ಲಿ ನ್ಯಾಯವಿತ್ತು. ಅದನ್ನು ನಗರ ಒಪ್ಪಿಕೊಂಡದ್ದೇ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ. ಮೊದಲು ತನ್ನ ಕಚೇರಿಯನ್ನು ಸರಿಮಾಡಿಕೊಂಡಿತು. ಒಪ್ಪಿಗೆಯಾದ ಮಾದರಿಗಳನ್ನು ಮೊದಲೇ ಗೊತ್ತುಮಾಡುವುದು, ಕಂಬಗಳ ಅರ್ಜಿಯನ್ನು ಗುಂಪಾಗಿ ತೆಗೆದುಕೊಳ್ಳುವುದು, ಇದೊಂದೇ ಕೆಲಸಕ್ಕೆ ಸಿಬ್ಬಂದಿ ಇಡುವುದು. ಆ ಸಿಬ್ಬಂದಿಯ ಖರ್ಚಿಗೆ ಕಂಪನಿಗಳು ಮುಂಗಡವಾಗಿ ಹಣ ಕಟ್ಟಿದವು. ಬೇಗ ಮುಗಿಸಿಕೊಡಿ, ಅದಕ್ಕೆ ಎಷ್ಟಾಗುತ್ತೋ ಕೊಡುತ್ತೇವೆ ಅನ್ನುವುದು ಅವರಿಗೂ ಲಾಭವೇ.

ಬಾಡಿಗೆ ವರ್ಷಕ್ಕೆ ಕಂಬವೊಂದಕ್ಕೆ 750 ಡಾಲರಿನಿಂದ 2,500 ಡಾಲರ್. ಜಾಸ್ತಿ ಕಂಬ ಹಿಡಿದವರಿಗೆ ದರ ಕಡಿಮೆ. ಇದೂ ಜಾಣತನದ ಏರ್ಪಾಡು. ನಾಲ್ಕು ಒಳ್ಳೆ ಬೀದಿ ಆರಿಸಿಕೊಂಡು ಹೋಗುವವನಿಗಿಂತ ಊರು ತುಂಬ ಹಾಕುವವನಿಗೆ ಅನುಕೂಲ. ಮೂರೂ ಕಂಪನಿ ಸೇರಿ ಸುಮಾರು 50 ಕೋಟಿ ಡಾಲರ್ ಹೂಡಿಕೆ ಬರುತ್ತದೆ ಎಂದು ನಗರ ಹೇಳಿತು. ಬಾಡಿಗೆಯಿಂದ ಹತ್ತು ವರ್ಷಗಳಲ್ಲಿ 2.4 ಕೋಟಿ ಡಾಲರನ್ನು ಡಿಜಿಟಲ್ ಇನ್‌ಕ್ಲೂಷನ್ ಫಂಡ್ ಎಂಬ ನಿಧಿಗೆ ಹಾಕುವುದು, 50 ಸಾವಿರ ಮನೆಗಳಿಗೆ ನೆಟ್ ತಲುಪಿಸುವುದು ಗುರಿ. ಬರೀ ಸಂಪರ್ಕ ಕೊಟ್ಟರೆ ಸಾಲದು, ಕಂಪ್ಯೂಟರ್ ಬೇಕು, ಅದನ್ನು ಬಳಸಲು ಕಲಿಸುವವರು ಬೇಕು ಅನ್ನುವ ತಿಳಿವಳಿಕೆಯೂ ಆ ಯೋಜನೆಯಲ್ಲಿತ್ತು. ಹಣ ಹಂಚುವ ಜವಾಬ್ದಾರಿಯನ್ನು ಕ್ಯಾಲಿಫೋರ್ನಿಯಾ ಎಮರ್ಜಿಂಗ್ ಟೆಕ್ನಾಲಜಿ ಫಂಡ್ ಎಂಬ ಲಾಭರಹಿತ ಸಂಸ್ಥೆಗೆ ವಹಿಸಿದರು. ಮೊದಲ ಕಂತು 2020ರ ಶುರುವಿನಲ್ಲಿ ಶಾಲೆ, ಗ್ರಂಥಾಲಯ, ಸಮುದಾಯ ಸಂಸ್ಥೆಗಳ ಕೈ ಸೇರಿತು.

ಇದೇ ಪೂರ್ವ ಭಾಗದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಅದು ಅಷ್ಟು ಸುದ್ದಿಯಾಗಲಿಲ್ಲ. ಆ ಭಾಗದ ಸರ್ಕಾರಿ ಹೈಸ್ಕೂಲುಗಳನ್ನು ನಡೆಸುವ ಈಸ್ಟ್ ಸೈಡ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ತನ್ನ ಹಣ ಹಾಕಿ, ನಗರದ ಬೀದಿದೀಪದ ಕಂಬಗಳ ಮೇಲೆಯೇ ವೈಫೈ ಪೆಟ್ಟಿಗೆ ಇಡಿಸಿತು. ಓವರ್‌ಫೆಲ್ಟ್, ಜೇಮ್ಸ್ ಲಿಕ್, ಯೆರ್ಬಾ ಬ್ಯೂನಾ ಹೈಸ್ಕೂಲುಗಳ ಸುತ್ತಲಿನ ಬೀದಿಗಳಲ್ಲಿ ಮಕ್ಕಳು ಮನೆಯಿಂದಲೇ ಶಾಲೆಯ ಜಾಲಕ್ಕೆ ಸೇರಬಹುದಿತ್ತು. ಕೋವಿಡ್ ಬಂದು ಪಾಠವೆಲ್ಲ ಆನ್‌ಲೈನ್ ಆದಾಗ ಇದರ ಬೆಲೆ ಏನು ಅಂತ ಎಲ್ಲರಿಗೂ ಗೊತ್ತಾಯಿತು. 2020ರ ಆಗಸ್ಟ್‌ನಲ್ಲಿ ಒಂದು ಫೋಟೊ ಅಮೆರಿಕವನ್ನೆಲ್ಲ ಸುತ್ತಿತು. ಇಬ್ಬರು ಪುಟ್ಟ ಹುಡುಗಿಯರು ಟ್ಯಾಕೊ ಬೆಲ್ ಅಂಗಡಿಯ ಹೊರಗೆ ನೆಲದ ಮೇಲೆ ಕೂತು, ಅಂಗಡಿಯ ವೈಫೈ ಹಿಡಿದು ಹೋಮ್‌ವರ್ಕ್ ಮಾಡುತ್ತಿದ್ದಾರೆ. ಅದು ಸಲಿನಾಸ್ ಊರು. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಒಂದು ಗಂಟೆ ದಾರಿ.

ವಾಷಿಂಗ್ಟನ್‌ನ ಕೈ

ಈ ಚೌಕಾಸಿ ನಡೆಯುತ್ತಿದ್ದ ಹೊತ್ತಿನಲ್ಲೇ ಅದನ್ನು ನಗರಗಳ ಕೈಯಿಂದ ಕಿತ್ತುಕೊಳ್ಳುವ ಪ್ರಯತ್ನಗಳೂ ನಡೆದಿದ್ದವು. ಮೊದಲನೆಯದು ರಾಜ್ಯದಲ್ಲೇ. 2017ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಎಸ್‌ಬಿ 649 ಎಂಬ ಮಸೂದೆ ಪಾಸು ಮಾಡಿತು. ಕಂಬವೊಂದಕ್ಕೆ ವರ್ಷಕ್ಕೆ 250 ಡಾಲರ್ ಮೀರಿ ಕೇಳುವಂತಿಲ್ಲ, ಎಲ್ಲೆಲ್ಲಿ ಹಾಕಬೇಕು ಅನ್ನುವುದರಲ್ಲೂ ನಗರಕ್ಕೆ ಹೆಚ್ಚಿನ ಮಾತಿಲ್ಲ. ನೂರಾರು ನಗರಗಳು ವಿರೋಧಿಸಿದವು. ಗವರ್ನರ್ ಜೆರ್ರಿ ಬ್ರೌನ್ ಅಕ್ಟೋಬರ್‌ನಲ್ಲಿ ಅದಕ್ಕೆ ಸಹಿ ಹಾಕದೆ ವಾಪಸು ಕಳಿಸಿದರು.

ಎರಡನೆಯದು ಎಫ್‌ಸಿಸಿ, ಅಂದರೆ ಕೇಂದ್ರದ ಸಂಪರ್ಕ ಆಯೋಗ. ಬ್ರಾಡ್‌ಬ್ಯಾಂಡ್ ಬೇಗ ಹರಡುವುದು ಹೇಗೆ ಅಂತ ಸಲಹೆ ಕೊಡಲು ಅದರ ಅಧ್ಯಕ್ಷ ಅಜಿತ್ ಪೈ 2017ರಲ್ಲಿ ಒಂದು ಸಮಿತಿ ಮಾಡಿದ್ದರು. ಲಿಕಾರ್ಡೊ ಕೂಡ ಅದರ ಸದಸ್ಯರು. ಸಮಿತಿಯಲ್ಲಿ ಕಂಪನಿಗಳ ಕಡೆಯವರೇ ತುಂಬಿದ್ದಾರೆ, ನಗರಗಳ ಮಾತು ಕೇಳುವವರಿಲ್ಲ ಎಂದು ಹೇಳಿ 2018ರ ಜನವರಿಯಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಅದೇ ವರ್ಷ ಸೆಪ್ಟೆಂಬರ್ 26ರಂದು ಎಫ್‌ಸಿಸಿ ಆದೇಶ ಹೊರಡಿಸಿತು. 2019ರ ಜನವರಿ 14ರಿಂದ ಜಾರಿ.

ಆದೇಶದ ಮುಖ್ಯ ಮಾತು ಇದು. ನಗರ ತನಗೆ ಆಗುವ ಖರ್ಚನ್ನು ಮಾತ್ರ ವಸೂಲು ಮಾಡಬಹುದು, ಅದರ ಮೇಲೆ ಬಾಡಿಗೆ ಅಂತ ಲಾಭ ಮಾಡುವಂತಿಲ್ಲ. ವರ್ಷಕ್ಕೆ 270 ಡಾಲರ್ ಒಳಗಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಜಾಸ್ತಿ ಕೇಳಿದರೆ ಖರ್ಚಿನ ಲೆಕ್ಕ ತೋರಿಸಬೇಕು. ಅರ್ಜಿ ಶುಲ್ಕ ಐದು ಆಂಟೆನಾವರೆಗೆ 500 ಡಾಲರ್. ಇರುವ ಕಂಬದ ಮೇಲೆ ಹಾಕುವುದಾದರೆ 60 ದಿನದಲ್ಲಿ, ಹೊಸ ಕಂಬ ನೆಡುವುದಾದರೆ 90 ದಿನದಲ್ಲಿ ತೀರ್ಮಾನ ಹೇಳಬೇಕು.

ಲೆಕ್ಕ ಹಾಕಿ ನೋಡಿ. 4,000 ಕಂಬಕ್ಕೆ 750 ಡಾಲರಿನಂತೆ, ಅಂದರೆ ಅತಿ ಕಡಿಮೆ ದರದಲ್ಲೇ, ವರ್ಷಕ್ಕೆ 30 ಲಕ್ಷ ಡಾಲರ್. 270ರ ಲೆಕ್ಕದಲ್ಲಿ 10 ಲಕ್ಷದ 80 ಸಾವಿರ. ಹತ್ತು ವರ್ಷಕ್ಕೆ ಕೂಡಿದರೂ 1.08 ಕೋಟಿ. ಬಡ ಮನೆಗಳ ನೆಟ್ಟಿಗೆ ಅಂತ ತೆಗೆದಿಡಬೇಕೆಂದಿದ್ದ 2.4 ಕೋಟಿಯ ಅರ್ಧವೂ ಆಗುವುದಿಲ್ಲ. ಆಗಲೇ ಸಹಿಯಾದ ಕರಾರುಗಳ ಗತಿ ಏನು? ಅದು ಆಯಾ ಕರಾರಿನ ಸಂದರ್ಭ ನೋಡಿ ತೀರ್ಮಾನವಾಗುತ್ತದೆ ಎಂದು ಆದೇಶ ಹೇಳಿತು. ಸಹಿ ಒಣಗುವ ಮೊದಲೇ ಕರಾರಿನ ಕೆಳಗಿನ ನೆಲ ಅಲುಗಾಡಿದಂತಾಯಿತು.

ಎಫ್‌ಸಿಸಿ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ಈ ಆದೇಶವನ್ನು ಮುನ್ನಡೆಸಿದವರು ಕಮಿಷನರ್ ಬ್ರೆಂಡನ್ ಕಾರ್. ಅವರ ವಾದ ಹೀಗಿತ್ತು: ದೊಡ್ಡ ನಗರಗಳನ್ನು ಬಿಟ್ಟು ಕಂಪನಿಗಳು ಇರಲಾರವು. ಹಾಗಾಗಿ ಆ ನಗರಗಳು ಕೇಳಿದಷ್ಟು ಕೊಡಲೇಬೇಕು. ಆ ಹಣ ಅಲ್ಲೇ ಮುಗಿದರೆ ಹಳ್ಳಿಗೆ ಹಾಕಲು ಏನೂ ಉಳಿಯುವುದಿಲ್ಲ. ಆದೇಶದಿಂದ 200 ಕೋಟಿ ಡಾಲರ್ ಉಳಿಯುತ್ತದೆ ಎಂದು ಆಯೋಗ ಅಂದಾಜು ಕೊಟ್ಟಿತು. ಕೆಲವು ನಗರಗಳು ಮನಸ್ಸಿಗೆ ಬಂದಷ್ಟು ಕೇಳುತ್ತಿದ್ದದ್ದೂ ಸುಳ್ಳಲ್ಲ.

ಆದರೆ ಉಳಿದ ಹಣವನ್ನು ಹಳ್ಳಿಗೆ ಹಾಕುತ್ತೇವೆ ಅಂತ ಯಾವ ಕಂಪನಿಯಿಂದಲೂ ಆಯೋಗ ಮಾತು ತೆಗೆದುಕೊಳ್ಳಲಿಲ್ಲ. ಆದೇಶದ ಒಂದು ಭಾಗವನ್ನು ವಿರೋಧಿಸಿದ ಕಮಿಷನರ್ ಜೆಸಿಕಾ ರೋಸೆನ್‌ವರ್ಸೆಲ್ ಎತ್ತಿದ ಪ್ರಶ್ನೆ ಇದೇ. ನಗರಗಳ ಕೈಯಿಂದ ತೆಗೆದ ಹಣ ಹಳ್ಳಿಗೆ ಹೋಗುತ್ತದೆ ಅನ್ನುವುದಕ್ಕೆ ಆದೇಶದಲ್ಲಿ ಒಂದು ಸಾಲಿನ ಭರವಸೆಯೂ ಇಲ್ಲ. ಸ್ಯಾನ್ ಹೋಸೆಯ ಕರಾರಿನಲ್ಲಿ ಹಣ ಎಲ್ಲಿಗೆ ಹೋಗುತ್ತದೆ ಎಂದು ಬರೆದಿತ್ತು. ನನ್ನ ಮಟ್ಟಿಗೆ ಎರಡರ ನಡುವಿನ ವ್ಯತ್ಯಾಸ ಅಷ್ಟೇ, ಮತ್ತು ಅದು ಸಣ್ಣದಲ್ಲ.

ಕೋರ್ಟಿನಲ್ಲಿ

ಸ್ಯಾನ್ ಹೋಸೆ, ಪೋರ್ಟ್‌ಲೆಂಡ್ ಮತ್ತು ಇತರ ನಗರಗಳು ಕೋರ್ಟಿಗೆ ಹೋದವು. ಆದೇಶ ಇನ್ನೂ ಬಿಗಿಯಾಗಬೇಕಿತ್ತು, 60 ದಿನ ಮುಗಿದರೆ ಅರ್ಜಿ ತಾನಾಗಿಯೇ ಮಂಜೂರಾಗಬೇಕಿತ್ತು ಅಂತ ಕಂಪನಿಗಳ ಕಡೆಯಿಂದಲೂ ದಾವೆ ಬಂತು. 2020ರ ಆಗಸ್ಟ್ 12ರಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆದೇಶದಲ್ಲಿ ಬೀದಿಯ ಅಂದದ ಬಗ್ಗೆ ನಗರಗಳ ಕೈ ಕಟ್ಟಿದ್ದ ಭಾಗವನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಶುಲ್ಕದ ಮಿತಿಯನ್ನೂ ಗಡುವನ್ನೂ ಎತ್ತಿಹಿಡಿಯಿತು. ಕಂಪನಿಗಳು ಕೇಳಿದ ತಾನಾಗಿಯೇ ಮಂಜೂರಾತಿಗೆ ಒಪ್ಪಲಿಲ್ಲ.

ಶುಲ್ಕದ ವಿಷಯದಲ್ಲಿ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು, ಜೇ ಬೈಬಿ, ಬೇರೆ ಮಾತು ಬರೆದರು. 1996ರ ದೂರಸಂಪರ್ಕ ಕಾಯ್ದೆ ಸೇವೆಯನ್ನು ತಡೆಯುವ ಸ್ಥಳೀಯ ನಿಯಮಗಳನ್ನು ನಿಷೇಧಿಸುತ್ತದೆ, ಜೊತೆಗೆ ಸಾರ್ವಜನಿಕ ಜಾಗ ಬಳಸಿದ್ದಕ್ಕೆ ನ್ಯಾಯವಾದ ಪರಿಹಾರ ಪಡೆಯಲು ನಗರಕ್ಕೆ ಹಕ್ಕನ್ನೂ ಉಳಿಸುತ್ತದೆ. ಖರ್ಚಿಗಿಂತ ಒಂದಿಷ್ಟು ಜಾಸ್ತಿ ಕೇಳಿದ ಮಾತ್ರಕ್ಕೆ ಸೇವೆಯನ್ನು ತಡೆದಂತೆ ಹೇಗಾಗುತ್ತದೆ ಎಂದು ಎಫ್‌ಸಿಸಿ ವಿವರಿಸಿಲ್ಲ ಅನ್ನುವುದು ಬೈಬಿ ಅವರ ತಕರಾರು. ನನಗೆ ಈ ಮಾತೇ ಸರಿ ಕಾಣುತ್ತದೆ. ಕನಿಷ್ಠ 750 ಡಾಲರಿಗೆ ಒಪ್ಪಿ ಮೂರು ಕಂಪನಿಗಳು ಸಹಿ ಹಾಕಿದ್ದವು. ಬಾಡಿಗೆ ಅವರನ್ನು ತಡೆಯುತ್ತಿದ್ದರೆ ಸಹಿ ಯಾಕೆ ಹಾಕುತ್ತಿದ್ದರು? 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಲ್ಲಿಗೆ 270 ಡಾಲರ್ ಗಟ್ಟಿಯಾಯಿತು.

ಆರೋಗ್ಯದ ಪ್ರಶ್ನೆ ಈ ಜಗಳದಲ್ಲಿ ಎಲ್ಲಿತ್ತು? ಬೀದಿಯಲ್ಲಿ ಇತ್ತು, ಕೋರ್ಟಿನಲ್ಲಿ ಹೆಚ್ಚು ಇರಲಿಲ್ಲ. ಮಲಗುವ ಕೋಣೆಯ ಕಿಟಕಿಯ ಎದುರಿಗೇ ಆಂಟೆನಾ ಬಂದರೆ ತಾಯಿ ತಂದೆ ಹೆದರುತ್ತಾರೆ, ಅದು ಸಹಜ. ಆದರೆ ಎಫ್‌ಸಿಸಿಯ ವಿಕಿರಣ ಮಿತಿಯೊಳಗೆ ಇರುವ ಆಂಟೆನಾವನ್ನು ಆರೋಗ್ಯದ ಕಾರಣ ಕೊಟ್ಟು ನಗರ ನಿರಾಕರಿಸುವಂತಿಲ್ಲ ಎಂದು ಅದೇ 1996ರ ಕಾಯ್ದೆ ಹೇಳುತ್ತದೆ. ಹಾಗಾಗಿ ಸಭೆಗಳಲ್ಲಿ ಜನ ಆರೋಗ್ಯದ ಬಗ್ಗೆ ಮಾತಾಡಿದರೆ, ಉತ್ತರ ಕೊಡುವವರು ಪೆಟ್ಟಿಗೆಯ ಬಣ್ಣ, ಎತ್ತರ, ಮರದ ನೆರಳಿನ ಬಗ್ಗೆ ಮಾತ್ರ ಮಾತಾಡಬೇಕಾಗುತ್ತಿತ್ತು. ಇದು ಜನರ ಅಪನಂಬಿಕೆಯನ್ನು ಇನ್ನಷ್ಟು ಬೆಳೆಸಿತು. ಅಳತೆ ಮಾಡಿ ಎಲ್ಲರೆದುರು ತೋರಿಸುವ ವ್ಯವಸ್ಥೆ ಇದ್ದಿದ್ದರೆ ಎಷ್ಟೋ ಜಗಳ ತಣ್ಣಗಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಕರಾರಿನ ದುರ್ಬಲ ಕೊಂಡಿ

ನಗರವನ್ನು ಇಷ್ಟು ಹೊಗಳಿದ ಮೇಲೆ ಅದರ ಯೋಜನೆಯಲ್ಲಿ ನನಗೆ ಕಂಡ ದೋಷವನ್ನೂ ಹೇಳಬೇಕು. ನಿಧಿಗೆ ಹಣ ಬರುವುದು ಕಂಬದ ಮೇಲೆ ಪೆಟ್ಟಿಗೆ ಏರಿದರೆ ಮಾತ್ರ. ಪೆಟ್ಟಿಗೆ ಏರಿಸುವುದು ಬಿಡುವುದು ಕಂಪನಿಯ ಲೆಕ್ಕಾಚಾರ. ಅದು ವರ್ಷ ವರ್ಷಕ್ಕೆ ಬದಲಾಗುತ್ತದೆ.

ಬದಲಾಯಿತು ಕೂಡ. 2021ರ ಶುರುವಿನಲ್ಲಿ ಸಿ-ಬ್ಯಾಂಡ್ ಎಂಬ ಮಧ್ಯಮ ತರಂಗಗಳ ಹರಾಜು ಮುಗಿಯಿತು. ಒಟ್ಟು 8,100 ಕೋಟಿ ಡಾಲರ್ ದಾಟಿದ ಹರಾಜು. ಅದರಲ್ಲಿ ವೆರೈಝನ್ ಒಂದೇ ಸುಮಾರು 4,500 ಕೋಟಿ ಬಿಡ್ ಮಾಡಿತು. ಈ ತರಂಗಗಳು ದೂರ ಹೋಗುತ್ತವೆ, ಹಳೆಯ ಟವರುಗಳಿಂದಲೇ ಊರಿನ ದೊಡ್ಡ ಭಾಗವನ್ನು ಮುಟ್ಟುತ್ತವೆ. ಇನ್ನೊಂದು ಮೊಬೈಲ್ ಕಂಪನಿ ಟಿ-ಮೊಬೈಲ್ ಅದಕ್ಕೂ ಮೊದಲೇ, 2020ರ ಏಪ್ರಿಲ್‌ನಲ್ಲಿ ಸ್ಪ್ರಿಂಟ್ ಕಂಪನಿಯನ್ನು ಸೇರಿಸಿಕೊಂಡು ಅದರ 2.5 ಗಿಗಾಹರ್ಟ್ಸ್ ತರಂಗಗಳನ್ನು ಬಳಸಲು ಹೊರಟಿತ್ತು. ಅಷ್ಟು ಹಣ ತರಂಗಕ್ಕೆ ಕೊಟ್ಟ ಕಂಪನಿ ಮೊದಲು ಇರುವ ಟವರುಗಳ ಮೇಲೆ ಹೊಸ ರೇಡಿಯೊ ಹಾಕುತ್ತದೆ, ಆಮೇಲೆ ಬೀದಿ ಕಂಬದ ಕಡೆ ನೋಡುತ್ತದೆ. ಬಡ ಮನೆಗಳ ನೆಟ್ಟಿಗೆ ಹತ್ತು ವರ್ಷದ ಯೋಜನೆ ಹಾಕುವಾಗ ಇಂಥ ಆದಾಯವನ್ನೇ ನೆಚ್ಚಿಕೊಳ್ಳುವುದು ಅಪಾಯ. ಇಂತಿಷ್ಟು ಕಂಬ ಹಾಕದಿದ್ದರೂ ಇಂತಿಷ್ಟು ಹಣ ಕಟ್ಟಬೇಕು ಅನ್ನುವ ಕನಿಷ್ಠ ಮೊತ್ತ ಇಂಥ ಪ್ರತಿಯೊಂದು ಕರಾರಿನಲ್ಲೂ ಗಟ್ಟಿಯಾಗಿ ಕೂರಬೇಕು.

ಈಸ್ಟ್ ಸೈಡ್ ಶಾಲೆಗಳ ವೈಫೈ ಹಾಗಲ್ಲ ನೋಡಿ. ಅದಕ್ಕೆ ಹಣ ಹಾಕಿದ್ದು ಶಾಲೆಗಳು, ಕಂಬ ಕೊಟ್ಟದ್ದು ನಗರ. ಮಾರುಕಟ್ಟೆ ಯಾವ ಕಡೆ ತಿರುಗಿದರೂ ಆ ಪೆಟ್ಟಿಗೆಗಳು ಅಲ್ಲೇ ಇರುತ್ತವೆ.

ನಮ್ಮ ಕಂಬಗಳ ವಿಷಯ

ಭಾರತದಲ್ಲಿ ಈ ಪ್ರಶ್ನೆ ತೀರ್ಮಾನವಾದದ್ದು 2022ರ ಆಗಸ್ಟ್‌ನಲ್ಲಿ, 5ಜಿ ಶುರುವಾಗುವ ಮುಂಚೆ. ಸಾರ್ವಜನಿಕ ಜಾಗದಲ್ಲಿ ಕೇಬಲ್, ಆಂಟೆನಾ ಹಾಕುವ ಹಕ್ಕಿನ ಬಗೆಗಿನ ರೈಟ್ ಆಫ್ ವೇ ನಿಯಮಗಳಿಗೆ ತಿದ್ದುಪಡಿ ತಂದು, ಬೀದಿದೀಪದಂಥ ಕಂಬದ ಮೇಲೆ ಸ್ಮಾಲ್ ಸೆಲ್ ಹಾಕಲು ದರ ಗೊತ್ತುಮಾಡಿದರು. ನಗರದಲ್ಲಿ ವರ್ಷಕ್ಕೆ 300 ರೂಪಾಯಿ, ಹಳ್ಳಿಯಲ್ಲಿ 150 ರೂಪಾಯಿ. ಸರ್ಕಾರಿ ಕಟ್ಟಡದ ಮೇಲಾದರೆ ಏನೂ ಇಲ್ಲ. ಆಮೇಲೆ 2023ರ ದೂರಸಂಪರ್ಕ ಕಾಯ್ದೆ ಬಂತು. ಅದರಡಿಯ ಹೊಸ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಾದವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ ನಾಲ್ಕು ಕಡೆ ಪ್ರಯೋಗ ನಡೆಸಿ 2022ರ ನವೆಂಬರ್‌ನಲ್ಲಿ ಶಿಫಾರಸು ಕೊಟ್ಟಿತು. ಭೋಪಾಲ್ ನಗರ, ದೆಹಲಿ ವಿಮಾನ ನಿಲ್ದಾಣ, ಕಾಂಡ್ಲಾ ಬಂದರು, ಮತ್ತು ನಮ್ಮ ಮೆಟ್ರೊ.

ಬೆಂಗಳೂರಿನಲ್ಲಿ ಬೀದಿದೀಪ ಸುಮಾರು 5 ಲಕ್ಷ. ಅದರಲ್ಲಿ ಹತ್ತು ಸಾವಿರ ಕಂಬಕ್ಕೆ ಆಂಟೆನಾ ಬಂತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 30 ಲಕ್ಷ ರೂಪಾಯಿ. ಹತ್ತು ಸಾವಿರ ಕಂಬದ ಕಾಗದಪತ್ರ ನೋಡಿ, ಬುಡ ಗಟ್ಟಿ ಇದೆಯೇ ಅಂತ ಪರೀಕ್ಷೆ ಮಾಡಿ, ಮಳೆಗಾಲದಲ್ಲಿ ಶಾಕ್ ಹೊಡೆಯದ ಹಾಗೆ ನೋಡಿಕೊಳ್ಳಲು ಬೇಕಾದ ಸಿಬ್ಬಂದಿಯ ಸಂಬಳಕ್ಕೂ ಅದು ಸಾಲದು. ಕಂಪನಿಗೆ ಅಗ್ಗವಾಗಿ ಸಿಗಲಿ, ನೆಟ್ ದರ ಏರದಿರಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಡೇಟಾ ಅಗ್ಗವಾಗಿರುವುದರಿಂದ ಲಕ್ಷಾಂತರ ಬಡ ಮಕ್ಕಳಿಗೆ ಅನುಕೂಲವಾಗಿದೆ, ಅದನ್ನು ಮರೆಯಬಾರದು. ಆದರೆ ಕಂಬ ಪರೀಕ್ಷೆ ಮಾಡುವ ಖರ್ಚನ್ನೂ ಕೇಳದೆ ಕಂಬ ಕೊಡುವುದು ಬೇರೆ ವಿಷಯ. ಎಫ್‌ಸಿಸಿ ಕೂಡ ನಗರದ ನಿಜವಾದ ಖರ್ಚು ಬಿಟ್ಟುಬಿಡಿ ಅನ್ನಲಿಲ್ಲ, ಅಲ್ವಾ?

ವಿಕಿರಣದ ಮಿತಿ ನಮ್ಮಲ್ಲಿ ಇನ್ನೂ ಬಿಗಿಯಾಗಿತ್ತು ಅನ್ನುವುದನ್ನು ಇಲ್ಲಿ ಸೇರಿಸಬೇಕು. 2012ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಮಾನದಂಡದ ಹತ್ತನೇ ಒಂದು ಭಾಗವನ್ನು ಭಾರತ ಪಾಲಿಸುತ್ತಿತ್ತು. ಮಿತಿ ಎಷ್ಟು ಅಂತ ಜನರಿಗೆ ಹೇಳಿದರೆ ಸಾಲದು, ಮೀಟರ್ ಹಿಡಿದು ಬೀದಿಯಲ್ಲಿ ತೋರಿಸಬೇಕು.

ದರ ಗೊತ್ತಾಗಿಬಿಟ್ಟಿದೆ, ಇನ್ನೇನು ಚೌಕಾಸಿ ಮಾಡುವುದು ಅಂತ ಪಾಲಿಕೆಗಳು ಕೈಚೆಲ್ಲಬೇಕಾಗಿಲ್ಲ. ಸ್ಯಾನ್ ಹೋಸೆಯಲ್ಲಿ ಕಂಪನಿಗಳು ನಿಜವಾಗಿ ಕೊಂಡದ್ದು ಕಂಬವನ್ನಲ್ಲ, ವೇಗವನ್ನು. ಅದು ಈಗಲೂ ಪಾಲಿಕೆಯ ಕೈಯಲ್ಲೇ ಇದೆ. ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ. ಐದರಲ್ಲಿ ಒಂದಾದರೂ ಮೊದಲು ತನ್ನ ಕಂಬಗಳ ಪಟ್ಟಿ ಮಾಡಲಿ. ಯಾವುದು ಗಟ್ಟಿ, ಯಾವುದಕ್ಕೆ ಹಗಲೂ ಕರೆಂಟ್ ಇದೆ, ಯಾವುದರ ಪಕ್ಕ ಫೈಬರ್ ಹೋಗಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಲಿ. ಒಪ್ಪಿಗೆಯಾದ ಎರಡೋ ಮೂರೋ ವಿನ್ಯಾಸ ಪ್ರಕಟಿಸಲಿ. ಒಂದು ಕಂಬದ ಮೇಲೆ ಎರಡು ಮೂರು ಕಂಪನಿ ಹಂಚಿಕೊಳ್ಳುವ ಪೆಟ್ಟಿಗೆಗೆ ಮೊದಲ ಸರದಿ ಕೊಡಲಿ. ಮರದಿಂದ ಮರಕ್ಕೆ ಕೇಬಲ್ ಕಟ್ಟಿ ತಂದವರಿಗೆ ಕಂಬವೇ ಇಲ್ಲ ಎನ್ನಲಿ. ಇಷ್ಟು ತಯಾರಿ ಇರುವ ಪಾಲಿಕೆಯ ಎದುರು ಕಂಪನಿಯವರು ಕೂತಾಗ ಮುಂದಿನ ಮಾತು ಕೇಳುವುದು ಸುಲಭ: ಈ ಬೀದಿಯಲ್ಲಿ ನೀವು ಎಳೆಯುವ ಫೈಬರಿನ ಒಂದು ಎಳೆಯನ್ನು ತಿರುವಿನಲ್ಲಿರುವ ಸರ್ಕಾರಿ ಶಾಲೆಗೂ ಕೊಡಿ.